ಹಬ್: ದೋಷ ಪತ್ತೆ ಮತ್ತು ದುರಸ್ತಿ

ಹಲವು ಕಂಪ್ಯೂಟರುಗಳ ಲ್ಯಾನ್ ಕೇಬಲ್‌ಗಳನ್ನು ಒಂದೆಡೆ ಸೇರಿಸಿ, ಒಂದು ಪೋರ್ಟಿನಿಂದ ಬಂದ ಸಂಕೇತವನ್ನು ತಿದ್ದಿ ಬಲಪಡಿಸಿ ಉಳಿದೆಲ್ಲ ಪೋರ್ಟುಗಳಿಗೂ ಕಳುಹಿಸುವ ಈಥರ್ನೆಟ್ ಸಾಧನಕ್ಕೆ ಹಬ್ ಎಂದು ಹೆಸರು. ಬಂದ ಮಾಹಿತಿ ಯಾರಿಗೆ ಸೇರಬೇಕಾದದ್ದು ಎಂಬುದನ್ನು ಅದು ನೋಡುವುದಿಲ್ಲ. ವಿಳಾಸ ಓದಿ ದಾರಿ ಆರಿಸುವುದು ಸ್ವಿಚ್‌ನ ಕೆಲಸ. ನಮ್ಮ ಅಂಗಡಿಗಳಲ್ಲಿ ಸ್ವಿಚ್ಚನ್ನೇ ಹಬ್ ಎಂದು ಕೇಳುವವರು ಇಂದಿಗೂ ಇದ್ದಾರೆ. ದೋಷ ಹುಡುಕಲು ಕೂರುವವರು ಮೊದಲು ಈ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು, ಏಕೆಂದರೆ ಎರಡರ ಕಾಯಿಲೆಗಳೂ ಬೇರೆ, ಪರೀಕ್ಷೆಗಳೂ ಬೇರೆ. ಮುಂಭಾಗದಲ್ಲಿ ಇಡೀ ಡಬ್ಬಿಗೆ ಸೇರಿದ ‘ಕೊಲಿಷನ್’ (ಡಿಕ್ಕಿ) ದೀಪವೊಂದು ಇದ್ದರೆ ಅದು ಹಬ್ ಎನ್ನಲು ಒಳ್ಳೆಯ ಗುರುತು.

ಇನ್ನೊಂದು ತಪ್ಪು ಗ್ರಹಿಕೆಯೂ ಆರಂಭದಲ್ಲೇ ತೊಲಗಬೇಕು. ಐದು ಅಥವಾ ಎಂಟು ಪೋರ್ಟಿನ ಸಾಧಾರಣ ಹಬ್‌ನಲ್ಲಿ ಫರ್ಮ್‌ವೇರ್ (ಸಾಧನದೊಳಗೇ ಉಳಿದಿರುವ ತಂತ್ರಾಂಶ) ಎಂಬುದೇ ಇಲ್ಲ. ಅದರ ಎಲ್ಲ ವರ್ತನೆಯೂ ಚಿಪ್‌ನ ಸರ್ಕ್ಯೂಟಿನಲ್ಲೇ ಕೂತಿರುತ್ತದೆ. ಅಪ್‌ಡೇಟ್ ಮಾಡಲು ಅಲ್ಲಿ ಏನೂ ಇರುವುದಿಲ್ಲ. ಕಂಪ್ಯೂಟರನ್ನು ನೇರವಾಗಿ ಜೋಡಿಸಿ ಸೆಟ್ಟಿಂಗ್ ನೋಡುವ ಕನ್ಸೋಲ್ ಪೋರ್ಟ್ ಇರುವ, ದೂರದಿಂದ ನಿರ್ವಹಿಸಬಹುದಾದ ‘ಮ್ಯಾನೇಜ್ಡ್’ ಹಬ್‌ಗಳಲ್ಲಿ ಮಾತ್ರ ಫ್ಲ್ಯಾಶ್ ಮೆಮೊರಿ, ಪುಟ್ಟ ಪ್ರೊಸೆಸರ್ ಮತ್ತು ಫರ್ಮ್‌ವೇರ್ ಇರುತ್ತವೆ. ಅಲ್ಲಿಯೂ ಅನುಮಾನದ ಸಾಲಿನಲ್ಲಿ ಫರ್ಮ್‌ವೇರ್ ಕೊನೆಗೆ ನಿಲ್ಲಬೇಕು ಎಂಬುದು ಈ ಲೇಖನದ ನಿಲುವು. ಕೇಬಲ್ ಬದಲಿಸಿ ನೋಡಿ ಹಳೆಯದನ್ನೇ ಮತ್ತೆ ಸಿಕ್ಕಿಸಬಹುದು. ಅರ್ಧಕ್ಕೆ ನಿಂತ ಫರ್ಮ್‌ವೇರ್ ಅಪ್‌ಡೇಟಿನಿಂದ ಹಿಂದಕ್ಕೆ ಬರುವುದು ಅಷ್ಟು ಸುಲಭವಲ್ಲ.

ಹಿನ್ನೆಲೆ

ಈಥರ್ನೆಟ್‌ನ ಮೂಲ ಕಲ್ಪನೆಯನ್ನು 1973ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆಗೂಡಿ ಅದನ್ನು ಕಟ್ಟಿದರು. ಆಗ ಎಲ್ಲ ಯಂತ್ರಗಳೂ ಒಂದೇ ಕೋಯಾಕ್ಸಿಯಲ್ ಕೇಬಲ್ಲಿಗೆ ಅಂಟಿಕೊಂಡಿರುತ್ತಿದ್ದವು. ಆ ಕೇಬಲ್ ಎಲ್ಲೋ ಒಂದು ಕಡೆ ಸಡಿಲವಾದರೆ ಇಡೀ ಕಚೇರಿಯ ಜಾಲ ಮಲಗುತ್ತಿತ್ತು, ಸಡಿಲವಾದ ಜಾಗ ಹುಡುಕುವುದೇ ಒಂದು ದಿನದ ಕೆಲಸವಾಗುತ್ತಿತ್ತು. 1990ರಲ್ಲಿ 10ಬೇಸ್-ಟಿ ಮಾನಕ ಬಂದು, ಪ್ರತಿ ಕಂಪ್ಯೂಟರಿಗೂ ಬೇರೆ ಕೇಬಲ್, ನಡುವೆ ಒಂದು ಹಬ್ ಎಂಬ ನಕ್ಷತ್ರಾಕಾರದ ಜೋಡಣೆ ನೆಲೆಯೂರಿತು. ಹೀಗೆ ಹಬ್ ಹರಡಿದ್ದಕ್ಕೆ ಒಂದು ಮುಖ್ಯ ಕಾರಣವೇ ದೋಷ ಪತ್ತೆಯ ಸುಲಭ: ಒಂದು ಕೇಬಲ್ ಕೆಟ್ಟರೆ ಒಬ್ಬರಿಗೆ ಮಾತ್ರ ತೊಂದರೆ, ಅದು ಯಾರದೆಂದು ದೀಪ ಹೇಳುತ್ತದೆ. 1995ರಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಹಬ್‌ಗಳಿಗೂ ಮಾನಕ ಸಿದ್ಧವಾಯಿತು. ಅಷ್ಟರಲ್ಲಿ ಸ್ವಿಚ್ ಕೂಡ ಬಂದಿತ್ತು. ಭಾರತ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಕಟ್ಟಿದ ‘ಕಲ್ಪನಾ’ ಎಂಬ ಕಂಪನಿ 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು.

ವಿದ್ಯುತ್ತಿನಿಂದ ಆರಂಭ

ಯಾವ ದೀಪವೂ ಹೊತ್ತದಿದ್ದರೆ ನೋಡಬೇಕಾದದ್ದು ಅಡಾಪ್ಟರ್. ಹಬ್‌ಗಳ ಅಡಾಪ್ಟರುಗಳಿಗೆ ಒಂದೇ ಅಳತೆ ಇಲ್ಲ: 5 ವೋಲ್ಟ್, 7.5 ವೋಲ್ಟ್, 9 ವೋಲ್ಟ್, 12 ವೋಲ್ಟ್ ಎಲ್ಲವೂ ಉಂಟು, ಕೆಲವು ಎಸಿ ವಿದ್ಯುತ್ತನ್ನೇ ಹೊರಕ್ಕೆ ಕೊಡುತ್ತವೆ. ತುದಿಯ ಪಿನ್ನು ಮಾತ್ರ ಬಹಳಷ್ಟರದು ಒಂದೇ ತೆರ ಕಾಣುತ್ತದೆ, ಒಂದಕ್ಕೊಂದು ಸಲೀಸಾಗಿ ಹೊಂದುತ್ತದೆ. ಕಪಾಟಿನಲ್ಲಿ ಸಿಕ್ಕ ಇನ್ನಾವುದೋ ಅಡಾಪ್ಟರನ್ನು ಚುಚ್ಚಿ 5 ವೋಲ್ಟಿನ ಹಬ್‌ಗೆ 12 ವೋಲ್ಟ್ ಕೊಟ್ಟರೆ, ಸಣ್ಣ ದೋಷವಿದ್ದ ಸಾಧನ ಪೂರ್ತಿ ಸುಡುತ್ತದೆ. ಹಬ್‌ನ ಬೆನ್ನಿನ ಮೇಲೆ ಅಚ್ಚಾದ ವೋಲ್ಟೇಜ್, ಆಂಪಿಯರ್, ಪಿನ್ನಿನ ನಡುವಿನದು ಧನವೋ ಋಣವೋ ಎಂಬ ಚಿತ್ರ ಈ ಮೂರನ್ನೂ ಅಡಾಪ್ಟರಿನ ಚೀಟಿಯೊಡನೆ ತಾಳೆ ನೋಡಿಯೇ ಸಿಕ್ಕಿಸಬೇಕು.

ಮಲ್ಟಿಮೀಟರಿನಲ್ಲಿ ಅಡಾಪ್ಟರ್ ಸರಿಯಾದ ವೋಲ್ಟೇಜ್ ತೋರಿಸಿತು ಎಂದ ಮಾತ್ರಕ್ಕೆ ಅದು ನಿರ್ದೋಷಿಯಲ್ಲ. ಹೊರೆ ಇಲ್ಲದಾಗ 12 ತೋರಿಸುವ ಮುದಿ ಅಡಾಪ್ಟರ್, ಹಬ್ ಜೋಡಿಸಿದೊಡನೆ 8ಕ್ಕೋ 9ಕ್ಕೋ ಕುಸಿಯಬಹುದು. ಆಗ ಹಬ್ ಪೂರ್ತಿ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ: ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತವೆ, ಅಥವಾ ಎರಡು ಮೂರು ಕೇಬಲ್ ಇದ್ದಾಗ ಸರಿಯಾಗಿದ್ದು ಐದನೆಯದನ್ನು ಸಿಕ್ಕಿಸಿದಾಗ ಇಡೀ ಜಾಲ ಕಡಿಯುತ್ತದೆ. ಈ ಲಕ್ಷಣ ಕಂಡರೆ ಹಬ್ ಚಾಲೂ ಇರುವಾಗಲೇ ವೋಲ್ಟೇಜ್ ಅಳೆಯಬೇಕು. ಇಲ್ಲವೇ ಅದೇ ಅಳತೆಯ ಒಳ್ಳೆಯ ಅಡಾಪ್ಟರ್ ಹಾಕಿ ನೋಡಬೇಕು. ಫರ್ಮ್‌ವೇರ್ ಕೆಟ್ಟಿದೆ ಎಂದು ಹೊರೆ ಹೊರಿಸಿದ ಎಷ್ಟೋ ಪ್ರಕರಣಗಳ ಬೇರು ಇಲ್ಲಿ ಸಿಗುತ್ತದೆ.

ಅಡಾಪ್ಟರ್ ಸರಿಯಿದ್ದರೆ ಅನುಮಾನ ಒಳಗಿನ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಮೇಲೆ ಹೋಗಬೇಕು. 2000ದ ಆಸುಪಾಸಿನ ಕೆಲವು ವರ್ಷಗಳಲ್ಲಿ ತಯಾರಾದ ಅನೇಕ ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳು ಸೇರಿಕೊಂಡು ಅವಧಿಗೆ ಮೊದಲೇ ಉಬ್ಬಿದವು. ಹಬ್‌ಗಳೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಒಳ್ಳೆಯ ಕೆಪಾಸಿಟರಿನ ತಲೆ ಸಪಾಟಾಗಿರುತ್ತದೆ. ಕೆಟ್ಟದ್ದು ಗುಮ್ಮಟದಂತೆ ಉಬ್ಬಿರುತ್ತದೆ, ಬುಡದಲ್ಲಿ ಕಂದು ಕಲೆ ಇರಬಹುದು. ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ತುಸು ಹೆಚ್ಚು ವೋಲ್ಟೇಜ್, 105 ಡಿಗ್ರಿ ತಾಳಿಕೆಯದನ್ನು ಧ್ರುವ ತಪ್ಪದಂತೆ ಬೆಸೆದರೆ ಹಬ್ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಕೆಪಾಸಿಟರಿಗೆ ದೊಡ್ಡ ಶತ್ರು ಶಾಖ. 10 ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ನಂಬುವ ಲೆಕ್ಕ. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನದ ಹೊತ್ತಿಗೆ ಸ್ತಬ್ಧವಾಗುವ ಹಬ್ ಬಹುಮಟ್ಟಿಗೆ ಶಾಖದ ರೋಗಿ: ಬೀಗ ಹಾಕಿದ ಮರದ ಪೆಟ್ಟಿಗೆ, ಧೂಳು ಕಟ್ಟಿದ ಗಾಳಿಕಿಂಡಿ, ನಿಂತುಹೋದ ಫ್ಯಾನು, ಇವುಗಳಲ್ಲಿ ಒಂದು ಕಾರಣ ಕಾಣಸಿಗುತ್ತದೆ. ಮನೆಯಲ್ಲಿ ಬಿಚ್ಚುವವರು ಒಂದು ಎಚ್ಚರ ವಹಿಸಬೇಕು. ಅಡಾಪ್ಟರ್ ಹೊರಗಿರುವ ಹಬ್ ತೆರೆಯುವುದು ಅಪಾಯವಲ್ಲ; 230 ವೋಲ್ಟ್ ನೇರವಾಗಿ ಒಳಗೆ ಹೋಗುವ ದೊಡ್ಡ ಹಬ್‌ಗಳನ್ನು ಪ್ಲಗ್ ಕಿತ್ತ ಮೇಲೂ ತಿಳಿದವರೇ ಮುಟ್ಟಬೇಕು.

ಲಿಂಕ್ ದೀಪ ಹೇಳುವುದೂ ಹೇಳದಿರುವುದೂ

10ಬೇಸ್-ಟಿ ಜಾಲದಲ್ಲಿ ಮಾಹಿತಿ ಹರಿಯದಿದ್ದಾಗಲೂ ಪ್ರತಿ ತುದಿಯೂ ಸುಮಾರು 16 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತವನ್ನು ಎದುರಿಗೆ ಕಳುಹಿಸುತ್ತದೆ. ಆ ಮಿಡಿತ ಬಂದು ಮುಟ್ಟಿದರೆ ಲಿಂಕ್ ದೀಪ ಉರಿಯುತ್ತದೆ. ಎಂದರೆ ಹಬ್‌ನ ಮೇಲಿನ ದೀಪ ಸಾಕ್ಷಿ ಹೇಳುವುದು ಹಬ್‌ಗೆ ಬರುವ ತಂತಿಜೋಡಿಯ ಬಗ್ಗೆ ಮಾತ್ರ. ಹಬ್‌ನಿಂದ ಹೊರಡುವ ಜೋಡಿ ತುಂಡಾಗಿದ್ದರೂ ಅಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಎರಡೂ ತುದಿಯ ದೀಪಗಳನ್ನು ನೋಡದೆ ಕೇಬಲ್ ಸರಿಯಿದೆ ಎಂದು ತೀರ್ಮಾನಿಸಬಾರದು.

ಕೇಬಲ್ಲಿನಲ್ಲಿ ಅತ್ಯಂತ ಮೋಸದ ದೋಷವೆಂದರೆ ಜೋಡಿ ಒಡೆದಿರುವುದು. ಆರ್‌ಜೆ-45 ಕನೆಕ್ಟರಿನ 1 ಮತ್ತು 2ನೆಯ ಪಿನ್ನುಗಳು ಒಂದು ಜೋಡಿ, 3 ಮತ್ತು 6 ಇನ್ನೊಂದು ಜೋಡಿ. ಇದು ಗೊತ್ತಿಲ್ಲದವರು ಬಣ್ಣಗಳನ್ನು ಸಾಲಾಗಿ ಜೋಡಿಸಿ ಕ್ರಿಂಪ್ ಮಾಡಿದರೆ 3ನೆಯ ಪಿನ್ನಿಗೆ ಒಂದು ಜೋಡಿಯ ತಂತಿ, 6ನೆಯದಕ್ಕೆ ಮತ್ತೊಂದು ಜೋಡಿಯ ತಂತಿ ಬೀಳುತ್ತದೆ. ಅಗ್ಗದ ಕೇಬಲ್ ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಬರುತ್ತವೆ, ಏಕೆಂದರೆ ತಂತಿಗಳೇನೋ ಈ ತುದಿಯಿಂದ ಆ ತುದಿಗೆ ಮುಟ್ಟಿವೆ. ಆದರೆ ಒಂದನ್ನೊಂದು ಹೆಣೆದುಕೊಂಡ ತಂತಿಗಳು ಗದ್ದಲವನ್ನು ತಮ್ಮಲ್ಲೇ ಅಳಿಸಿಹಾಕುವ ಗುಣ ಹೊರಟುಹೋಗಿರುತ್ತದೆ. ಎರಡು ಮೀಟರ್ ಕೇಬಲ್ ಹೇಗೋ ಓಡುತ್ತದೆ, ಮೂವತ್ತು ಮೀಟರ್ ಓಡುವುದಿಲ್ಲ. ಟೆಸ್ಟರ್ ಪಾಸಾದ ಕೇಬಲ್ಲಿನಲ್ಲಿ ಜಾಲ ತೆವಳುತ್ತಿದ್ದರೆ ಕನೆಕ್ಟರಿನ ಪಾರದರ್ಶಕ ಬೆನ್ನಿನಲ್ಲಿ ಬಣ್ಣಗಳ ಸಾಲನ್ನು ಕಣ್ಣಾರೆ ಓದಬೇಕು. ಒಟ್ಟು ಉದ್ದ 100 ಮೀಟರ್ ಮೀರಬಾರದು ಎಂಬುದೂ ಇಲ್ಲೇ ಸೇರುವ ನಿಯಮ.

ಹಬ್‌ನಿಂದ ಹಬ್‌ಗೆ ಹೋಗುವ ಕೇಬಲ್ಲಿನದು ಬೇರೆ ಕತೆ. ಹಬ್‌ನ ಪೋರ್ಟಿನಲ್ಲಿ ಕಳಿಸುವ ಜೋಡಿ, ಪಡೆಯುವ ಜೋಡಿ ಒಳಗೇ ಅದಲುಬದಲಾಗಿರುತ್ತವೆ. ಅದಕ್ಕೇ ಕಂಪ್ಯೂಟರಿಗೆ ನೇರ ಕೇಬಲ್ ಸಾಕು. ಎರಡು ಹಬ್‌ಗಳ ನಡುವೆ ಕ್ರಾಸ್‌ಓವರ್ ಕೇಬಲ್ ಬೇಕು, ಅಥವಾ ಒಂದರ ‘ಅಪ್‌ಲಿಂಕ್’ ಪೋರ್ಟ್ ಬಳಸಬೇಕು. ಬಹಳಷ್ಟು ಹಬ್‌ಗಳಲ್ಲಿ ಅಪ್‌ಲಿಂಕ್ ಪೋರ್ಟೂ ಅದರ ಪಕ್ಕದ ಪೋರ್ಟೂ ಒಳಗೆ ಒಂದೇ. ಎರಡಕ್ಕೂ ಕೇಬಲ್ ಸಿಕ್ಕಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಇದು ದೋಷವಲ್ಲ, ವಿನ್ಯಾಸವೇ ಹಾಗೆ. ಆದರೂ ಪೋರ್ಟ್ ಸುಟ್ಟಿದೆ ಎಂದು ಇಂಥ ಹಬ್‌ಗಳನ್ನು ಬಿಸಾಡಿದವರಿದ್ದಾರೆ.

ಪೋರ್ಟುಗಳು ಸಾಯುವ ಬಗೆ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಜಾಲದ ಸಾಧನಗಳಿಗೆ ಕಂಟಕ. ಸಿಡಿಲು ನೇರವಾಗಿ ಹೊಡೆಯಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೂ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲಿ ಎಳೆದ ತಾಮ್ರದ ಕೇಬಲ್ಲಿನಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತದೆ. ಪ್ರತಿ ಪೋರ್ಟಿನ ಹಿಂದೆ 1500 ವೋಲ್ಟ್ ತಡೆಯಬಲ್ಲ ಪುಟ್ಟ ಟ್ರಾನ್ಸ್‌ಫಾರ್ಮರ್ ಇರಬೇಕೆಂದು ಈಥರ್ನೆಟ್ಟಿನ ಐಇಇಇ 802.3 ಮಾನಕ ಹೇಳುತ್ತದೆ. ಸಿಡಿಲಿನ ಮುಂದೆ ಅದು ಸಾಲದು. ಆ ಕೇಬಲ್ ಇದ್ದ ಒಂದು ಪೋರ್ಟ್ ಮಾತ್ರ ಹೋಗಬಹುದು. ನಾಲ್ಕು ಪೋರ್ಟಿಗೆ ಒಂದು ಚಿಪ್ ಇರುವ ವಿನ್ಯಾಸವಾದರೆ ಪಕ್ಕದ ಮೂರೂ ಜೊತೆಗೆ ಹೋಗುತ್ತವೆ. ಸಾಲಾಗಿ ನಾಲ್ಕು ಪೋರ್ಟ್ ಒಟ್ಟಿಗೆ ಸತ್ತಿದ್ದರೆ ಚಿಪ್ ಹೋಗಿದೆ ಎಂದೇ ಲೆಕ್ಕ; ಅದನ್ನು ಬದಲಿಸುವ ಖರ್ಚಿಗೆ ಹೊಸ ಸಾಧನ ಬರುತ್ತದೆ. ಕಟ್ಟಡಗಳ ನಡುವೆ ತಾಮ್ರ ಬಿಟ್ಟು ಫೈಬರ್ ಎಳೆಯುವುದೊಂದೇ ಇದಕ್ಕೆ ಗಟ್ಟಿ ಪರಿಹಾರ.

ನಿಧಾನವಾಗಿ ಸಾಯುವ ಪೋರ್ಟುಗಳೂ ಇವೆ. ಟೆಲಿಫೋನಿನ ಆರ್‌ಜೆ-11 ಪ್ಲಗ್ ಲ್ಯಾನ್ ಪೋರ್ಟಿನೊಳಗೆ ಹೋಗುತ್ತದೆ, ಆದರೆ ಅದರ ಪ್ಲಾಸ್ಟಿಕ್ ಅಂಚು ಎರಡೂ ಕೊನೆಯ ಸ್ಪ್ರಿಂಗ್ ತಂತಿಗಳನ್ನು ಒತ್ತಿ ಬಾಗಿಸುತ್ತದೆ. ಅವುಗಳಲ್ಲಿ ಒಂದು 1ನೆಯ ಪಿನ್ನು, ಮಾಹಿತಿ ಸಾಗುವ ದಾರಿ. ಟಾರ್ಚ್ ಹಿಡಿದು ಒಳಗೆ ನೋಡಿದರೆ ಎಂಟು ತಂತಿಗಳಲ್ಲಿ ಕೊನೆಯವು ತಗ್ಗಿರುವುದು ಕಾಣುತ್ತದೆ. ಕೇಬಲ್ ಅಲುಗಿಸಿದಾಗ ದೀಪ ಹೊತ್ತಿ ಆರುತ್ತಿದ್ದರೆ ಕ್ಲಿಪ್ ಮುರಿದ ಕನೆಕ್ಟರೋ ಬೆಸುಗೆ ಬಿರುಕು ಬಿಟ್ಟ ಜ್ಯಾಕೋ ಕಾರಣವಿರಬೇಕು. ಯಾವುದು ಎಂದು ತಿಳಿಯಲು, ಸರಿಯಿರುವ ಕೇಬಲ್ಲನ್ನು ಅನುಮಾನದ ಪೋರ್ಟಿಗೂ ಅನುಮಾನದ ಕೇಬಲ್ಲನ್ನು ಸರಿಯಿರುವ ಪೋರ್ಟಿಗೂ ಹಾಕಿ ನೋಡುವುದು ಹಳೆಯ, ಇಂದಿಗೂ ಸೋಲದ ವಿಧಾನ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಟ್ಟುಕೊಳ್ಳಬೇಕು.

10 ಮತ್ತು 100 ಮೆಗಾಬಿಟ್ ಎರಡನ್ನೂ ಒಪ್ಪುವ ಹಬ್‌ಗಳಲ್ಲಿ ಒಂದು ವಿಶಿಷ್ಟ ಕಾಯಿಲೆ ಕಾಣುತ್ತದೆ. ಅದರ ಒಳಗೆ ನಿಜವಾಗಿ ಎರಡು ಹಬ್‌ಗಳಿವೆ, ನಡುವೆ ಒಂದು ಸೇತುವೆ ಸರ್ಕ್ಯೂಟ್ ಇದೆ. ಸೇತುವೆ ಕೆಟ್ಟರೆ ಹಳೆಯ ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡುತ್ತವೆ, ಹೊಸವು ತಮ್ಮತಮ್ಮಲ್ಲಿ. ಒಂದು ಗುಂಪಿಗೆ ಇನ್ನೊಂದು ಗುಂಪು ಕಾಣುವುದೇ ಇಲ್ಲ. ಎಲ್ಲ ದೀಪಗಳೂ ಸರಿಯಿರುತ್ತವೆ. ಲಕ್ಷಣ ಗೊತ್ತಿದ್ದವರು ಎರಡೇ ನಿಮಿಷದಲ್ಲಿ ಹಿಡಿಯುತ್ತಾರೆ, ಗೊತ್ತಿಲ್ಲದವರು ಕಂಪ್ಯೂಟರುಗಳ ಸೆಟ್ಟಿಂಗ್ ಬದಲಿಸುತ್ತ ದಿನ ಕಳೆಯುತ್ತಾರೆ.

ಡಿಕ್ಕಿಗಳು

ಹಬ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಆರಂಭಿಸಿದರೆ ಸಂಕೇತಗಳು ಡಿಕ್ಕಿಯಾಗುತ್ತವೆ, ಇಬ್ಬರೂ ನಿಂತು ಯಾದೃಚ್ಛಿಕವಾಗಿ ತುಸು ಹೊತ್ತು ಕಾದು ಮತ್ತೆ ಪ್ರಯತ್ನಿಸುತ್ತಾರೆ. 16 ಪ್ರಯತ್ನಗಳು ಸೋತರೆ ಆ ಮಾಹಿತಿಯ ತುಣುಕನ್ನು ಕೈಬಿಡಲಾಗುತ್ತದೆ. ಹೀಗಾಗಿ ಕೊಲಿಷನ್ ದೀಪ ಆಗಾಗ ಮಿನುಗುವುದು ಆರೋಗ್ಯದ ಲಕ್ಷಣವೇ. ಬಿಡದೆ ಉರಿಯುವುದು ಮಾತ್ರ ರೋಗ. ನೆಟ್‌ವರ್ಕ್ ಕಾರ್ಡೊಂದು ಹುಚ್ಚು ಹಿಡಿದಂತೆ ನಿಲ್ಲದೆ ಸಂಕೇತ ಸುರಿಯುತ್ತಿರಬಹುದು. ಅಥವಾ ಯಾರೋ ಒಂದು ಕೇಬಲ್ಲಿನ ಎರಡೂ ತುದಿಯನ್ನು ಅದೇ ಹಬ್‌ಗೆ ಚುಚ್ಚಿ ಸುತ್ತು ಮಾಡಿರಬಹುದು. 10 ಮೆಗಾಬಿಟ್ ವೇಗದಲ್ಲಿ ಸತತ 30ಕ್ಕಿಂತ ಹೆಚ್ಚು ಡಿಕ್ಕಿ ಕಂಡ ಪೋರ್ಟನ್ನು ಹಬ್ ತಾನೇ ಬೇರ್ಪಡಿಸುತ್ತದೆ. ಇದಕ್ಕೆ ‘ಪಾರ್ಟಿಷನ್’ ಎನ್ನುತ್ತಾರೆ. ಬೇರ್ಪಟ್ಟ ಪೋರ್ಟನ್ನು ಕೆಟ್ಟ ಪೋರ್ಟ್ ಎಂದು ತಿಳಿಯಬಾರದು; ಅದು ಉಳಿದವರನ್ನು ಕಾಪಾಡುತ್ತಿದೆ, ದೋಷ ಕೇಬಲ್ಲಿನ ಆ ತುದಿಯಲ್ಲಿದೆ. ಪಾರ್ಟಿಷನ್ ದೀಪ ಇಲ್ಲದ ಅಗ್ಗದ ಹಬ್‌ನಲ್ಲಿ ಅರ್ಧ ಕೇಬಲ್‌ಗಳನ್ನು ಕಿತ್ತು ನೋಡುವುದು, ಉಳಿದ ಅರ್ಧದಲ್ಲಿ ಮತ್ತೆ ಅರ್ಧ ಕೀಳುವುದು ಒಳ್ಳೆಯ ದಾರಿ. 24 ಪೋರ್ಟಿನ ಹಬ್‌ನಲ್ಲೂ ಐದು ಹೆಜ್ಜೆಯಲ್ಲಿ ತಪ್ಪಿತಸ್ಥ ಕೇಬಲ್ ಸಿಗುತ್ತದೆ.

ಹಬ್‌ಗೆ ಹಬ್ ಕಟ್ಟುತ್ತ ಹೋದರೆ ತಡವಾದ ಡಿಕ್ಕಿಗಳು ಹುಟ್ಟುತ್ತವೆ. ಡಿಕ್ಕಿಯ ಸುದ್ದಿ ಮೊದಲ 512 ಬಿಟ್ ಕಳುಹಿಸುವಷ್ಟರೊಳಗೆ ಮರಳಿ ಬರಬೇಕು. 10 ಮೆಗಾಬಿಟ್ ವೇಗದಲ್ಲಿ ಅದು 51.2 ಮೈಕ್ರೊಸೆಕೆಂಡ್, 100ರಲ್ಲಿ ಅದರ ಹತ್ತನೇ ಒಂದು ಭಾಗ. ಆದ್ದರಿಂದ ಹಳೆಯ ವೇಗದಲ್ಲಿ ಎರಡು ಯಂತ್ರಗಳ ನಡುವೆ ಹೆಚ್ಚೆಂದರೆ ನಾಲ್ಕು ಹಬ್ ನಡೆಯುತ್ತವೆ. 100 ಮೆಗಾಬಿಟ್‌ನಲ್ಲಿ ಹಬ್‌ಗಳಿಗೆ ಎರಡು ದರ್ಜೆ: ಎರಡನೆಯ ದರ್ಜೆಯವು ಎರಡು ನಡೆಯುತ್ತವೆ, ಒಂದನೆಯ ದರ್ಜೆಯದು ಒಂದೇ ಒಂದು. ಹಬ್‌ನ ಚೀಟಿಯ ಮೇಲೆ ವೃತ್ತದೊಳಗೆ ರೋಮನ್ ಅಂಕಿಯಲ್ಲಿ ಈ ದರ್ಜೆ ಅಚ್ಚಾಗಿರುತ್ತದೆ.

ಡ್ಯುಪ್ಲೆಕ್ಸ್ ಹೊಂದಿಕೆ ತಪ್ಪುವುದನ್ನೂ ಹೇಳಲೇಬೇಕು. ಹಬ್ ಎಂದಿಗೂ ಅರ್ಧ ಡ್ಯುಪ್ಲೆಕ್ಸ್: ಕಳಿಸುವುದು, ಪಡೆಯುವುದು ಒಟ್ಟಿಗೆ ನಡೆಯದು. ಕಂಪ್ಯೂಟರಿನ ಕಾರ್ಡನ್ನು ಯಾರಾದರೂ ಪೂರ್ಣ ಡ್ಯುಪ್ಲೆಕ್ಸಿಗೆ ಕಟ್ಟಿಹಾಕಿದ್ದರೆ ಆ ಯಂತ್ರ ಉಳಿದವರ ಮಾತಿನ ಮಧ್ಯೆಯೇ ಮಾತಾಡುತ್ತದೆ. ಪಿಂಗ್ ಸರಿಯಾಗಿ ಬರುತ್ತದೆ, ಪುಟ್ಟ ಫೈಲ್ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. ಕಾರ್ಡನ್ನು ‘ಆಟೊ’ಗೆ ಮರಳಿಸಿದರೆ ಗುಣವಾಗುತ್ತದೆ.

ಫರ್ಮ್‌ವೇರ್

ಮ್ಯಾನೇಜ್ಡ್ ಹಬ್‌ನಲ್ಲಿ ಸಂಕೇತವನ್ನು ಹಂಚುವ ಚಿಪ್ ಬೇರೆ, ನಿರ್ವಹಣೆಯ ಪ್ರೊಸೆಸರ್ ಬೇರೆ. ಇದೊಂದು ಗೊತ್ತಿದ್ದರೆ ಫರ್ಮ್‌ವೇರ್ ದೋಷವನ್ನು ಗುರುತಿಸುವುದು ಸುಲಭ. ಕಂಪ್ಯೂಟರುಗಳೆಲ್ಲ ಮಾತಾಡುತ್ತಿದ್ದು, ಹಬ್‌ನ ಐಪಿ ವಿಳಾಸ ಮಾತ್ರ ಪಿಂಗ್‌ಗೂ ದೂರದ ನಿರ್ವಹಣೆಯ ಎಸ್‌ಎನ್‌ಎಂಪಿ ಪ್ರಶ್ನೆಗೂ ಉತ್ತರಿಸದಿದ್ದರೆ ಫರ್ಮ್‌ವೇರ್ ಸಿಕ್ಕಿಬಿದ್ದಿರುವ ಸಂಭವ ಹೆಚ್ಚು. ಫರ್ಮ್‌ವೇರ್ ಚೆನ್ನಾಗಿ ಉತ್ತರಿಸುತ್ತಿದ್ದು ಒಂದು ಪೋರ್ಟ್ ಮಾತ್ರ ಸತ್ತಿದ್ದರೆ ಮೊದಲು ಸೆಟ್ಟಿಂಗ್ ನೋಡಬೇಕು: ಆ ಪೋರ್ಟನ್ನು ಯಾರಾದರೂ ಹಿಂದೆಂದೋ ಮುಚ್ಚಿ ಉಳಿಸಿರಬಹುದು. ಕೆಲವು ಹಬ್‌ಗಳು ಒಂದು ಪೋರ್ಟಿಗೆ ಒಂದೇ ಕಾರ್ಡಿನ ವಿಳಾಸವನ್ನು ಒಪ್ಪಿ, ಕಾರ್ಡ್ ಬದಲಾದರೆ ಪೋರ್ಟನ್ನೇ ಮುಚ್ಚುತ್ತವೆ.

ಒಳಗೆ ಹೋಗಲು ನಂಬಿಗಸ್ತ ದಾರಿ ಕನ್ಸೋಲ್. ಸಾಮಾನ್ಯ ಸೆಟ್ಟಿಂಗ್ 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪರದೆಯ ಮೇಲೆ ಅರ್ಥವಾಗದ ಅಕ್ಷರಗಳು ಬಂದರೆ ವೇಗ ತಪ್ಪಿದೆ. ಏನೂ ಬಾರದಿದ್ದರೆ ಕೇಬಲ್ ನೇರದ್ದೋ ನಲ್ ಮೋಡೆಮಿನದೋ (ಕಳಿಸುವ, ಪಡೆಯುವ ತಂತಿ ಅದಲುಬದಲಾದದ್ದೋ) ನೋಡಬೇಕು. ಜಾಲದ ಮೂಲಕ ಒಳಗೆ ಹೋಗುವ ಟೆಲ್ನೆಟ್ ಬಳಸದಿರುವುದು ಲೇಸು: ಹಬ್ ಎಲ್ಲವನ್ನೂ ಎಲ್ಲರಿಗೂ ಕೇಳಿಸುವುದರಿಂದ ನಿಮ್ಮ ಪಾಸ್‌ವರ್ಡ್ ಪ್ರತಿ ಕೇಬಲ್ಲಿನಲ್ಲೂ ಬಯಲಾಗಿ ಹರಿಯುತ್ತದೆ. ಒಳಗೆ ಹೋದ ಮೇಲೆ ಪೋರ್ಟಿನ ಎಣಿಕೆಗಳನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಂಡು ವ್ಯತ್ಯಾಸ ನೋಡಬೇಕು. ಒಟ್ಟು ಮೊತ್ತಕ್ಕೆ ಅರ್ಥವಿಲ್ಲ. ಒಂದೇ ಪೋರ್ಟಿನಲ್ಲಿ ಎಫ್‌ಸಿಎಸ್ ದೋಷಗಳು (ದಾರಿಯಲ್ಲಿ ಕೆಟ್ಟ ತುಣುಕುಗಳು) ಏರುತ್ತಿದ್ದರೆ ಕೇಬಲ್ ಅಥವಾ ಡ್ಯುಪ್ಲೆಕ್ಸ್, ತಡವಾದ ಡಿಕ್ಕಿಗಳು ಏರಿದರೆ ಉದ್ದ ಅಥವಾ ಹಬ್‌ಗಳ ಸಂಖ್ಯೆ. ಹಬ್ ಎಷ್ಟು ಕಾಲದಿಂದ ಚಾಲೂ ಇದೆ ಎಂಬ ಎಣಿಕೆ ಆಗಾಗ ಸೊನ್ನೆಗೆ ಮರಳುತ್ತಿದ್ದರೆ ಅದು ತಾನಾಗಿ ಮರುಚಾಲನೆಯಾಗುತ್ತಿದೆ. ಮತ್ತೆ ಅಡಾಪ್ಟರಿನತ್ತ, ಕೆಪಾಸಿಟರಿನತ್ತ ಹೋಗಬೇಕು. ಸೆಕೆಂಡಿನ ನೂರನೇ ಭಾಗದಲ್ಲಿ ಎಣಿಸುವ ಆ 32 ಬಿಟ್‌ನ ಲೆಕ್ಕ 497 ದಿನಕ್ಕೆ ತುಂಬಿ ಸಹಜವಾಗಿಯೂ ಸೊನ್ನೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಫರ್ಮ್‌ವೇರ್ ಬದಲಿಸಲೇಬೇಕಾದರೆ ಮಾದರಿಯ ಹೆಸರಷ್ಟೇ ಅಲ್ಲ, ಹಾರ್ಡ್‌ವೇರ್ ಆವೃತ್ತಿಯೂ ಹೊಂದಬೇಕು. ಒಂದೇ ಹೆಸರಿನಲ್ಲಿ ಎರಡನೆಯ, ಮೂರನೆಯ ಆವೃತ್ತಿಯ ಹೊತ್ತಿಗೆ ತಯಾರಕರು ಚಿಪ್ಪನ್ನೇ ಬದಲಿಸಿರುತ್ತಾರೆ. ಹಳೆಯ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಂಡು, ಹಬ್ ಅನ್ನೂ ಫೈಲ್ ಕಳುಹಿಸುವ ಕಂಪ್ಯೂಟರನ್ನೂ ಯುಪಿಎಸ್‌ಗೆ ಹಾಕಿ, ಅವೆರಡರ ನಡುವಿನ ಕೇಬಲ್ ಬಿಟ್ಟು ಉಳಿದೆಲ್ಲ ಕಿತ್ತು ಆಮೇಲೆ ಟಿಎಫ್‌ಟಿಪಿಯಲ್ಲಿ ಕಳುಹಿಸಬೇಕು. ಟಿಎಫ್‌ಟಿಪಿ ಫೈಲ್ ಕಳುಹಿಸುವ ಸರಳ ವಿಧಾನ, ಅದಕ್ಕೆ ಪಾಸ್‌ವರ್ಡ್ ಕೂಡ ಇಲ್ಲ. ಫೈಲಿನ ಚೆಕ್‌ಸಮ್ ಅನ್ನು ಮೊದಲೇ ತಾಳೆ ನೋಡುವುದು ನಮ್ಮ ಹೊಣೆ. ಫೈಲ್ ತಲುಪಿದ ಮೇಲೆ ಹಬ್ ಫ್ಲ್ಯಾಶ್ ಅಳಿಸಿ ಬರೆಯುವ ಹೊತ್ತು ಮೌನವಾಗಿರುತ್ತದೆ. ಸತ್ತಿತೆಂದು ತಿಳಿದು ವಿದ್ಯುತ್ ಆರಿಸುವವರು ಕೊಲ್ಲುವುದು ಆ ನಿಮಿಷದಲ್ಲೇ. ಹಾಗಾದರೂ ಒಂದು ಆಸೆ ಉಳಿದಿರುತ್ತದೆ: ಹಲವು ಹಬ್‌ಗಳಲ್ಲಿ ಬೂಟ್ ಪ್ರೋಗ್ರಾಮ್ ಬೇರೆ ಜಾಗದಲ್ಲಿದ್ದು ಉಳಿದುಕೊಂಡಿರುತ್ತದೆ, ಕನ್ಸೋಲ್ ಮೂಲಕ ಎಕ್ಸ್‌ಮೋಡೆಮ್ ವಿಧಾನದಲ್ಲಿ ಫೈಲ್ ಬೇಡುತ್ತದೆ. 9600 ಬಾಡ್‌ನಲ್ಲಿ 1 ಮೆಗಾಬೈಟ್ ಹೋಗಲು ಹದಿನೆಂಟು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಕಾಯಲೇಬೇಕು.

ದುರಸ್ತಿಯೋ ವಿದಾಯವೋ

ಹೊಸ ಜಾಲಗಳಲ್ಲಿ ಹಬ್ ಬಳಸುವುದನ್ನು ಈಥರ್ನೆಟ್ ಮಾನಕ ರೂಪಿಸುವ ಐಇಇಇ ಸಂಸ್ಥೆ 2011ರಿಂದ ಶಿಫಾರಸು ಮಾಡುತ್ತಿಲ್ಲ. ಅಡಾಪ್ಟರ್, ಕೆಪಾಸಿಟರ್, ಫ್ಯಾನಿನಷ್ಟು ದೋಷವಾದರೆ ದುರಸ್ತಿ ಸಾರ್ಥಕ. ಮುಖ್ಯ ಚಿಪ್ ಸುಟ್ಟಿದ್ದರೆ ಸ್ವಿಚ್ ಹಾಕುವುದೇ ಸರಿ. ಆದರೂ ಚೆನ್ನಾಗಿರುವ ಹಬ್ ಒಂದನ್ನು ಎತ್ತಿಡುವುದು ಜಾಣತನ. ಎಲ್ಲರ ಮಾತೂ ಎಲ್ಲ ಪೋರ್ಟಿನಲ್ಲಿ ಕೇಳುವುದರಿಂದ, ವೈರ್‌ಶಾರ್ಕ್ ತಂತ್ರಾಂಶ ಹಾಕಿದ ಲ್ಯಾಪ್‌ಟಾಪ್ ಜೋಡಿಸಿ ಬೇರೆ ಸಾಧನಗಳ ದೋಷ ಹುಡುಕಲು ಅದು ಇಂದಿಗೂ ಒದಗುತ್ತದೆ. ಕೈಬಿಡುವ ಮ್ಯಾನೇಜ್ಡ್ ಹಬ್‌ನಲ್ಲಿ ನಿಮ್ಮ ಪಾಸ್‌ವರ್ಡ್, ಐಪಿ ವಿಳಾಸಗಳು ಉಳಿದಿರುತ್ತವೆ, ಫ್ಯಾಕ್ಟರಿ ಸ್ಥಿತಿಗೆ ಮರಳಿಸಿಯೇ ಹೊರಗೆ ಕೊಡಿ. ಹಳೆಯ ಹಬ್‌ಗಳ ಬೆಸುಗೆಯಲ್ಲಿ ಸೀಸವಿದೆ. ಮನೆಯ ಕಸದೊಡನೆ ಎಸೆಯದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ.